ಎರಡು ಯಂತ್ರಗಳ ನಡುವಣ ಕಡತ: ದೋಷಗಳ ಕಾಲನಿರ್ಣಯವನ್ನು ಕುರಿತು

೧

ಕಡತವೆಂಬ ಶಬ್ದವು ಕನ್ನಡದಲ್ಲಿ ಹಳೆಯದು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕಕ್ಕೆ ನಮ್ಮ ಹಿರಿಯರು ಈ ಹೆಸರನ್ನಿಟ್ಟಿದ್ದರು. ಶೃಂಗೇರಿಯ ಮಠದ ಕಡತಗಳು ಚರಿತ್ರೆಯ ವಿದ್ಯಾರ್ಥಿಗಳಿಗೆ ಸುಪರಿಚಿತವಾದ ಆಕರಗಳು. ಇಂದು ಅದೇ ಶಬ್ದವನ್ನು ಗಣಕದ ಫೈಲಿಗೆ ನಾವು ಬಳಸುತ್ತಿದ್ದೇವೆ. ವಸ್ತು ಬೇರೆಯಾದರೂ ಒಂದು ಪ್ರಶ್ನೆ ಮಾತ್ರ ಬದಲಾಗಿಲ್ಲ: ಒಬ್ಬರ ಬಳಿಯಿರುವ ಕಡತವನ್ನು ಇನ್ನೊಬ್ಬರು ಓದಬೇಕಾದರೆ ಏನು ಮಾಡಬೇಕು? ಈ ಪ್ರಶ್ನೆಗೆ ಕಳೆದ ಅರುವತ್ತು ವರ್ಷಗಳಲ್ಲಿ ದೊರೆತ ಉತ್ತರಗಳನ್ನೂ, ಆ ಉತ್ತರಗಳು ಒಂದಕ್ಕೊಂದು ಹೊಂದದೆ ಹೋದಾಗ ಉಂಟಾಗುವ ದೋಷಗಳನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದಕ್ಕೆ ಪ್ರೇರಣೆಯಾದ ಸಂದರ್ಭವನ್ನು ಮೊದಲು ತಿಳಿಸುವುದು ಯುಕ್ತ. ಬೆಂಗಳೂರಿನ ಪಶ್ಚಿಮದಲ್ಲಿ, ಮಾಗಡಿ ರಸ್ತೆಗೆ ಸಮೀಪದಲ್ಲಿರುವ ಶ್ರೀಗಂಧದ ಕಾವಲಿನಲ್ಲಿ ನಮಗೆ ಪರಿಚಿತರಾದ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರ ಮನೆಯಿದೆ. ಮೈಸೂರು ಸಂಸ್ಥಾನದಲ್ಲಿ ಅಮೃತಮಹಲಿನ ದನಗಳಿಗಾಗಿ ಕಾಯ್ದಿರಿಸಿದ ಹುಲ್ಲುಗಾವಲಿಗೆ ಕಾವಲೆಂಬ ಹೆಸರಿದ್ದುದನ್ನು ವಾಚಕರು ಬಲ್ಲರು. ಈಗ ಈ ಊರಿನಲ್ಲಿ ಕಾಣುವುದು ಮನೆಗಳ ಸಾಲುಗಳೇ. ಇಂತಹ ಸ್ಥಳನಾಮಗಳ ಸಂಗ್ರಹದಲ್ಲಿಯೇ ಆ ಅಧ್ಯಾಪಕರು ತಮ್ಮ ಬಿಡುವಿನ ಕಾಲವನ್ನೆಲ್ಲ ಕಳೆದಿದ್ದರು. ಮಾಗಡಿಯ ದಿಕ್ಕಿನ ಹಳ್ಳಿಗಳಲ್ಲಿ ತಿರುಗಾಡಿ ಬರೆದುಕೊಂಡ ಟಿಪ್ಪಣಿಗಳನ್ನು ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ಒಂದು ಹಳೆಯ ಗಣಕದಲ್ಲಿ ತುಂಬಿದ್ದರು. ಅವರಿಗೆ ಮಾಹಿತಿ ಕೊಟ್ಟ ವೃದ್ಧರಲ್ಲಿ ಅನೇಕರು ಈಗ ಇಲ್ಲ. ಕೈಬರಹದ ಮೂಲಗಳನ್ನು ಗೆದ್ದಲು ತಿಂದಿದೆ. ಆದುದರಿಂದ ಆ ಗಣಕದಲ್ಲಿದ್ದುದೇ ಏಕಮಾತ್ರ ಪ್ರತಿ.

ಯಂತ್ರವು ಮುಪ್ಪಾಗಿ ಕೈಕೊಡುವ ಸೂಚನೆ ಕಂಡಾಗ ಅವರ ಮಗಳು ಅದರ ಡಿಸ್ಕಿನ ಪ್ರತಿಕೃತಿಯನ್ನು ತೆಗೆದು, ಹೊಸ ಗಣಕದೊಳಗೆ ಅದನ್ನು ಒಂದು ವರ್ಚುಯಲ್ ಯಂತ್ರವಾಗಿ ನಡೆಯುವಂತೆ ಮಾಡಿದರು. ಹಳೆಯ ಪರದೆ ಹೊಸ ಪರದೆಯೊಳಗೆ ಮೂಡಿತು, ಟಿಪ್ಪಣಿಗಳೂ ಕಂಡವು. ಆದರೆ ಅಲ್ಲಿಂದ ಒಂದು ಕಡತವನ್ನೂ ಹೊರಕ್ಕೆ ತರಲಾಗಲಿಲ್ಲ. “ಒಂದೇ ಪೆಟ್ಟಿಗೆಯೊಳಗಿರುವ ಎರಡಕ್ಕೆ ಒಂದರ ಮಾತು ಒಂದಕ್ಕೆ ಕೇಳಿಸದೆಂದರೆ ಏನರ್ಥ?” ಎಂದು ಅಧ್ಯಾಪಕರು ನಮ್ಮನ್ನು ಕೇಳಿದರು. ಪ್ರಶ್ನೆ ಸಹಜವಾದುದು. ಅದಕ್ಕೆ ಉತ್ತರವನ್ನು ಹುಡುಕುತ್ತ ಹೋದಾಗ, ಅದು ಚರಿತ್ರೆಯ ಪ್ರಶ್ನೆಯೂ ಹೌದೆಂಬುದು ನಮಗೆ ಮನದಟ್ಟಾಯಿತು.

೨

ಒಂದು ಯಂತ್ರದೊಳಗೆ ಅನೇಕ ಯಂತ್ರಗಳಿರುವಂತೆ ತೋರಿಸುವ ವಿದ್ಯೆ ಇತ್ತೀಚಿನದೆಂದು ಅನೇಕರು ಭಾವಿಸುವುದುಂಟು. ಇದು ಸರಿಯಲ್ಲ. ಐಬಿಎಂ ಸಂಸ್ಥೆಯ ಕೇಂಬ್ರಿಜ್ ವೈಜ್ಞಾನಿಕ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿಯ ನೇತೃತ್ವದಲ್ಲಿ ೧೯೬೪ರಲ್ಲಿ ಆರಂಭವಾದ ಪ್ರಯತ್ನವು ಸಿಪಿ-೪೦ ಎಂಬ ವ್ಯವಸ್ಥೆಯಾಗಿ ೧೯೬೭ರಲ್ಲಿ ಬಳಕೆಗೆ ಬಂದಿತು. ಅದರ ಮುಂದಿನ ರೂಪ ಸಿಪಿ-೬೭. ಅದರಿಂದ ಬೆಳೆದ ವಿಎಂ/೩೭೦ ವ್ಯವಸ್ಥೆಯನ್ನು ಆ ಸಂಸ್ಥೆಯು ೧೯೭೨ರ ಆಗಸ್ಟಿನಲ್ಲಿ ಪ್ರಕಟಿಸಿತು. ಅತಿ ದುಬಾರಿಯಾಗಿದ್ದ ಒಂದೇ ಗಣಕವನ್ನು ಹಲವರು ಏಕಕಾಲದಲ್ಲಿ ಬಳಸುವಾಗ, ಪ್ರತಿಯೊಬ್ಬರಿಗೂ ತಮ್ಮದೇ ಸ್ವತಂತ್ರ ಯಂತ್ರವಿದೆಯೆಂಬ ಅನುಭವವನ್ನು ಕೊಡುವುದು ಇವುಗಳ ಗುರಿಯಾಗಿತ್ತು.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಪ್ರತ್ಯೇಕತೆಯೇ ಈ ವಿದ್ಯೆಯ ಜೀವಾಳ. ಒಬ್ಬನ ಯಂತ್ರ ಕುಸಿದರೆ ಇನ್ನೊಬ್ಬನ ಯಂತ್ರಕ್ಕೆ ಧಕ್ಕೆಯಾಗಬಾರದು. ಒಬ್ಬನ ಕಡತ ಇನ್ನೊಬ್ಬನಿಗೆ ತಾನಾಗಿ ಕಾಣಬಾರದು. ಆದುದರಿಂದ ಕಡತ ಹಂಚಿಕೆಯು ಈ ವ್ಯವಸ್ಥೆಗೆ ಹುಟ್ಟುಗುಣವಲ್ಲ, ಹೊರಗಿನಿಂದ ಸೇರಿಸಬೇಕಾದ ಗುಣ. ವಿಎಂ/೩೭೦ರಲ್ಲಿ ಇದಕ್ಕೆ ಎರಡು ಮಾರ್ಗಗಳಿದ್ದುವು. ಒಂದನೆಯದರಲ್ಲಿ ಕಳುಹಿಸುವವನು ತನ್ನ ಕಡತವನ್ನು ತೂತುಕಾರ್ಡುಗಳಾಗಿ ‘ಹೊಡೆಯುತ್ತಿದ್ದ’. ಅವು ಪಡೆಯುವವನ ಯಂತ್ರದ ಕಾರ್ಡು ಓದುವ ಸಾಧನದಲ್ಲಿ ಬಂದು ಕೂಡುತ್ತಿದ್ದುವು. ಹೊಡೆಯುವ ಸಾಧನವೂ ಕಾರ್ಡುಗಳೂ ಓದುವ ಸಾಧನವೂ ಎಲ್ಲವೂ ಕಲ್ಪಿತವೇ. ಎರಡನೆಯ ಮಾರ್ಗದಲ್ಲಿ ಒಬ್ಬನ ಕಿರುಡಿಸ್ಕನ್ನು ಇನ್ನೊಬ್ಬನು ಅನುಮತಿಯೊಡನೆ, ಓದುವುದಕ್ಕೆ ಮಾತ್ರ, ತನ್ನ ಯಂತ್ರಕ್ಕೆ ಜೋಡಿಸಿಕೊಳ್ಳಬಹುದಾಗಿತ್ತು. ಈ ಎರಡನೆಯ ಮಾರ್ಗವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

೧೯೭೪ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು, ಯಾವ ಬಗೆಯ ಗಣಕಗಳಲ್ಲಿ ಇಂತಹ ವ್ಯವಸ್ಥೆ ಸಾಧ್ಯವೆಂಬುದಕ್ಕೆ ಶಾಸ್ತ್ರೀಯ ನಿಯಮಗಳನ್ನು ನಿರೂಪಿಸಿದರು. ಮುಂದೆ ಮನೆಮನೆಗೂ ಬಂದ ಸಣ್ಣ ಗಣಕಗಳ ಸಂಸ್ಕಾರಕಗಳು ಆ ನಿಯಮಗಳಿಗೆ ಪೂರ್ತಿಯಾಗಿ ಒಳಪಡುತ್ತಿರಲಿಲ್ಲ. ೧೯೯೮ರಲ್ಲಿ ಸ್ಥಾಪಿತವಾದ ವಿಎಂವೇರ್ ಸಂಸ್ಥೆಯು ೧೯೯೯ರಲ್ಲಿ ತಂತ್ರಾಂಶದ ಚಾತುರ್ಯದಿಂದ ಈ ಕೊರತೆಯನ್ನು ನಿವಾರಿಸಿತು. ೨೦೦೫–೦೬ರಲ್ಲಿ ಇಂಟೆಲ್ ಮತ್ತು ಎಎಂಡಿ ಸಂಸ್ಥೆಗಳು ಸಂಸ್ಕಾರಕದಲ್ಲಿಯೇ ಅದಕ್ಕೆ ಬೇಕಾದ ಏರ್ಪಾಡನ್ನು ಮಾಡಿದುವು. ೨೦೦೭ರಲ್ಲಿ ವರ್ಚುಯಲ್‌ಬಾಕ್ಸ್ ಮುಕ್ತವಾಗಿ ದೊರೆಯಲಾರಂಭಿಸಿತು. ಹೀಗೆ ದೊಡ್ಡ ಸಂಸ್ಥೆಗಳ ಸೊತ್ತಾಗಿದ್ದ ವಿದ್ಯೆ ನಾಲ್ಕು ದಶಕಗಳಲ್ಲಿ ಸಾಮಾನ್ಯ ಗೃಹಸ್ಥನ ಮೇಜಿಗೆ ಇಳಿದು ಬಂದಿತು.

೩

ಜಾಲದ ಮೂಲಕ ಕಡತ ಹಂಚುವ ವಿದ್ಯೆಯ ಚರಿತ್ರೆ ಬೇರೊಂದು ಹೊಳೆಯಂತೆ ಹರಿದಿದೆ. ಅದರಲ್ಲಿ ಎರಡು ಸಂಪ್ರದಾಯಗಳನ್ನು ಗುರುತಿಸಬಹುದು. ಸನ್ ಸಂಸ್ಥೆಯಲ್ಲಿ ೧೯೮೪ರ ಸುಮಾರಿಗೆ ರೂಪುಗೊಂಡ ಎನ್‌ಎಫ್‌ಎಸ್ ಒಂದು. ಅದು ಯೂನಿಕ್ಸ್ ಗಣಕಗಳ ಸಂಪ್ರದಾಯ. ಐಬಿಎಂ ಸಂಸ್ಥೆಯಲ್ಲಿ ಬ್ಯಾರಿ ಫೈಗನ್‌ಬಾಮ್ ೧೯೮೩ರಲ್ಲಿ ರೂಪಿಸಿದ ಎಸ್‌ಎಂಬಿ ಮತ್ತೊಂದು. ಮೈಕ್ರೋಸಾಫ್ಟ್ ಸಂಸ್ಥೆಯು ಅದನ್ನು ಬೆಳೆಸಿ ವಿಂಡೋಸ್ ಗಣಕಗಳ ಸಾಮಾನ್ಯ ಕ್ರಮವನ್ನಾಗಿ ಮಾಡಿತು. ಇವೆರಡರ ನಡುವೆ ಸೇತುವೆ ಕಟ್ಟಿದವರು ಆಸ್ಟ್ರೇಲಿಯದ ಆಂಡ್ರೂ ಟ್ರಿಡ್ಜೆಲ್. ಕ್ಯಾನ್‌ಬೆರಾದಲ್ಲಿ ಸಂಶೋಧಕ ವಿದ್ಯಾರ್ಥಿಯಾಗಿದ್ದಾಗ, ೧೯೯೧ರ ಕೊನೆಯಲ್ಲಿ, ಜಾಲದಲ್ಲಿ ಹರಿಯುವ ಸಂದೇಶಗಳನ್ನು ಗಮನಿಸಿ ಅವುಗಳ ಕ್ರಮವನ್ನು ಊಹಿಸಿ ಅವರು ಬರೆದ ತಂತ್ರಾಂಶವೇ ಮುಂದೆ ‘ಸಾಂಬಾ’ ಎಂಬ ಹೆಸರನ್ನು ಪಡೆಯಿತು. ಅಪರಿಚಿತ ಲಿಪಿಯನ್ನು ಬಿಡಿಸುವ ಶಾಸನತಜ್ಞನ ಕೆಲಸಕ್ಕೂ ಇದಕ್ಕೂ ಹೋಲಿಕೆಯಿದೆ.

ನಮ್ಮ ನಾಡಿನಲ್ಲಿ ಜಾಲದ ಪ್ರವೇಶ ಇದೇ ಕಾಲದ್ದು. ೧೯೮೬ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಭಾಗಿಯಾಗಿತ್ತು. ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತುದು ೧೯೯೫ರ ಆಗಸ್ಟ್ ೧೫ರಂದು. ಕನ್ನಡದ ಅಕ್ಷರಗಳು ಗಣಕಕ್ಕೆ ಬಂದುದೂ ಇದರ ಸಮೀಪದಲ್ಲಿಯೇ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ, ೧೯೯೮ರಲ್ಲಿ ಹೊರಬಂದ ಶೇಷಾದ್ರಿವಾಸು ಅವರ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳ ಮೂಲಕ ಸಾವಿರಾರು ಅಧ್ಯಾಪಕರೂ ಬರಹಗಾರರೂ ಗಣಕದಲ್ಲಿ ಕನ್ನಡ ಬರೆಯಲು ಕಲಿತರು. ಶ್ರೀಗಂಧದ ಕಾವಲಿನ ನಮ್ಮ ಅಧ್ಯಾಪಕರು ಅವರಲ್ಲಿ ಒಬ್ಬರು.

೪

ಎಸ್‌ಎಂಬಿಯ ವಿಷಯದಲ್ಲಿ ಭಾಷಾವಿದ್ಯಾರ್ಥಿಗಳ ಗಮನಕ್ಕೆ ಅರ್ಹವಾದ ಸಂಗತಿಯೊಂದಿದೆ. ಅದರ ಬೇರೆಬೇರೆ ಕಾಲದ ರೂಪಗಳಿಗೆ ಅದನ್ನು ರಚಿಸಿದವರೇ ‘ಉಪಭಾಷೆ’ಗಳೆಂಬ ಅರ್ಥದ ಹೆಸರನ್ನಿಟ್ಟಿದ್ದಾರೆ. ಕಡತವನ್ನು ಕೇಳುವ ಯಂತ್ರವು ಮೊಟ್ಟಮೊದಲು ತನಗೆ ಬರುವ ಉಪಭಾಷೆಗಳ ಪಟ್ಟಿಯನ್ನು ಮುಂದಿಡುತ್ತದೆ. ಕೊಡುವ ಯಂತ್ರವು ಅದರಲ್ಲಿ ತನಗೂ ತಿಳಿದ ಒಂದನ್ನು ಆರಿಸುತ್ತದೆ. ಇಬ್ಬರಿಗೂ ಸಮಾನವಾದುದು ಒಂದೂ ಇಲ್ಲದಿದ್ದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ೨೦೦೧ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ಮೊದಲನೆಯ ತಲೆಮಾರಿನ ಎಸ್‌ಎಂಬಿ ಮಾತ್ರ ಬರುತ್ತದೆ. ಎರಡನೆಯ ತಲೆಮಾರು ಬಂದುದು ೨೦೦೬ರಲ್ಲಿ, ವಿಸ್ಟಾದೊಡನೆ, ಮೂರನೆಯದು ೨೦೧೨ರಲ್ಲಿ.

ಹಳೆಯ ಉಪಭಾಷೆಯು ಮೂಲೆಗುಂಪಾದುದಕ್ಕೆ ಬಲವಾದ ಕಾರಣವೊಂದಿತ್ತು. ೨೦೧೭ರ ಮೇ ೧೨ರಂದು ಹಬ್ಬಿದ ವಾನಾಕ್ರೈ ಎಂಬ ಪಿಡುಗು, ಮೊದಲನೆಯ ಎಸ್‌ಎಂಬಿಯನ್ನು ನಡೆಸುತ್ತಿದ್ದ ತಂತ್ರಾಂಶದ ಒಂದು ದೌರ್ಬಲ್ಯವನ್ನು ಹಿಡಿದು, ಸುಮಾರು ೧೫೦ ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಗಣಕಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಗ್ಲೆಂಡಿನ ಹಲವು ಆಸ್ಪತ್ರೆಗಳಲ್ಲಿ ಚಿಕಿತ್ಸೆಗೆ ಅಡ್ಡಿಯಾಯಿತು. ಇದಕ್ಕೆ ಪರಿಹಾರದ ತೇಪೆಯು ಎರಡು ತಿಂಗಳು ಮೊದಲೇ, ಮಾರ್ಚಿ ೧೪ರಂದು, ಹೊರಬಂದಿದ್ದರೂ ಅದನ್ನು ಹಾಕಿಕೊಳ್ಳದ ಯಂತ್ರಗಳು ಅಸಂಖ್ಯಾತವಾಗಿದ್ದುವು. ಅದೇ ವರ್ಷದ ಅಕ್ಟೋಬರಿನಿಂದ ಹೊಸದಾಗಿ ಸ್ಥಾಪಿಸಿದ ವಿಂಡೋಸ್ ೧೦ರಲ್ಲಿ ಹಳೆಯ ಎಸ್‌ಎಂಬಿಯನ್ನು ಸಾಮಾನ್ಯವಾಗಿ ಸೇರಿಸುವುದನ್ನು ಕೈಬಿಡಲಾಯಿತು. ೨೦೧೯ರಲ್ಲಿ ಸಾಂಬಾ ತಂತ್ರಾಂಶವೂ ಅದೇ ಹಾದಿಯನ್ನು ಹಿಡಿಯಿತು.

೫

ಇಷ್ಟು ಪೀಠಿಕೆಯ ಮೇಲೆ ನಮ್ಮ ಮುಖ್ಯ ಪ್ರತಿಪಾದನೆಯನ್ನು ಮುಂದಿಡಬಹುದು. ಕಡತ ಹಂಚಿಕೆಯ ದೋಷವನ್ನು ಸಾಮಾನ್ಯರು ‘ಜಾಲ ಸರಿಯಿಲ್ಲ’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ವಾಸ್ತವವಾಗಿ ಅದು ಒಂದರ ಮೇಲೊಂದು ಕೂಡಿದ ಸ್ತರಗಳ ದೋಷ. ಪ್ರತಿಯೊಂದು ಸ್ತರವೂ ಒಂದೊಂದು ಕಾಲದಲ್ಲಿ, ಒಂದೊಂದು ಅಗತ್ಯಕ್ಕಾಗಿ ಹುಟ್ಟಿದೆ. ಲಿಪಿಯ ಸ್ವರೂಪದಿಂದ ಶಾಸನದ ಕಾಲವನ್ನು ನಿರ್ಣಯಿಸುವಂತೆ, ದೋಷದ ಸ್ವರೂಪದಿಂದ ಅದರ ಸ್ತರವನ್ನೂ ವರ್ಷವನ್ನೂ ಗುರುತಿಸಬಹುದು. ಶ್ರೀಗಂಧದ ಕಾವಲಿನ ನಿದರ್ಶನವನ್ನೇ ನೋಡೋಣ.

ಮೊದಲನೆಯದು ವಿಳಾಸದ ಸ್ತರ. ಅತಿಥಿಯಂತ್ರವನ್ನು, ಅಂದರೆ ಒಳಗಿನ ಹಳೆಯ ಯಂತ್ರವನ್ನು, ವಿಳಾಸಪಲ್ಲಟದ ಕ್ರಮದಲ್ಲಿ ಜೋಡಿಸಲಾಗಿತ್ತು. ಇಂಟರ್ನೆಟ್ಟಿನ ವಿಳಾಸಗಳು ಸಾಲದೆ ಹೋಗುವುವೆಂಬ ಭಯದಿಂದ ೧೯೯೪ರಲ್ಲಿ ವಿವರಿಸಲ್ಪಟ್ಟ ಕ್ರಮವಿದು. ಇದರಲ್ಲಿ ಒಳಗಿನ ಯಂತ್ರವು ಹೊರಗಿನವರನ್ನು ಕರೆಯಬಹುದು. ಹೊರಗಿನವರು ಒಳಗಿನದನ್ನು ತಾವಾಗಿ ಕರೆಯಲಾರರು. ಆತಿಥೇಯ ಗಣಕದಿಂದ ಎಷ್ಟು ಕೂಗಿದರೂ ಉತ್ತರ ಬಾರದಿದ್ದುದು ಸಹಜವೇ. ಇವೆರಡಕ್ಕೆ ಮಾತ್ರ ಸೇರಿದ, ಹೊರಗಿನ ಇಂಟರ್ನೆಟ್ಟಿಗೆ ದಾರಿಯಿಲ್ಲದ ಖಾಸಗಿ ಜಾಲವನ್ನು ಏರ್ಪಡಿಸಿದೆವು. ಎರಡು ಯಂತ್ರಗಳಿಗೂ ಒಂದೇ ಬೀದಿಯ ವಿಳಾಸಗಳು ದೊರೆತುವು.

ಎರಡನೆಯದು ಹೆಸರಿನ ಸ್ತರ. ಹಳೆಯ ಯಂತ್ರವು ತನ್ನ ಹೆಸರನ್ನು ನೆರೆಹೊರೆಗೆಲ್ಲ ಸಾರುವ ಪದ್ಧತಿ ೧೯೮೦ರ ದಶಕದ್ದು. ಆ ಹೆಸರು ಹದಿನೈದು ಅಕ್ಷರಗಳನ್ನು ಮೀರುವಂತಿಲ್ಲ. ಹೊಸ ಯಂತ್ರವು ಆ ಸಾರುವಿಕೆಗೆ ಕಿವಿಗೊಡುವುದನ್ನು ಬಿಟ್ಟಿದೆ. ಆದುದರಿಂದ ಪಟ್ಟಿಯಲ್ಲಿ ಹೆಸರು ಕಾಣದಿದ್ದುದನ್ನು ನಾವು ಗಣನೆಗೆ ತಂದುಕೊಳ್ಳದೆ ಅಂಕಿಗಳ ವಿಳಾಸವನ್ನೇ ಬಳಸಿದೆವು.

ಮೂರನೆಯದು ಬೇಲಿಯ ಸ್ತರ. ದಾರಿಯಿದೆಯೇ ಎಂದು ಪರೀಕ್ಷಿಸಲು ೧೯೮೩ರ ಡಿಸೆಂಬರಿನಲ್ಲಿ ಮೈಕ್ ಮ್ಯೂಸ್ ಬರೆದ ‘ಪಿಂಗ್’ ಎಂಬ ಸಣ್ಣ ಸಾಧನ ಇಂದಿಗೂ ಬಳಕೆಯಲ್ಲಿದೆ. ನಮ್ಮ ಕೂಗಿಗೆ ಉತ್ತರ ಬರಲಿಲ್ಲ. ಆದರೆ ಉತ್ತರ ಬಾರದಿರುವುದು ದಾರಿಯಿಲ್ಲದಿರುವುದಕ್ಕೆ ಪ್ರಮಾಣವಲ್ಲ. ಶಾಸನ ದೊರೆಯದಿದ್ದಮಾತ್ರಕ್ಕೆ ಅರಸನೇ ಇರಲಿಲ್ಲವೆಂದು ನಾವು ಹೇಳುವುದಿಲ್ಲವಷ್ಟೆ. ೨೦೦೪ರ ಆಗಸ್ಟಿನ ಪರಿಷ್ಕರಣದಿಂದ ಎಕ್ಸ್‌ಪಿಯ ರಕ್ಷಣೆಯ ಬೇಲಿಯು ತಾನಾಗಿ ಹಾಕಿಕೊಂಡಿರುತ್ತದೆ. ಮನೆಯ ಯಂತ್ರ ಆ ಪರಿಷ್ಕರಣವನ್ನು ಕಂಡಿತ್ತು. ಬೇಲಿಯನ್ನು ಪೂರ್ತಿಯಾಗಿ ಕಿತ್ತುಹಾಕದೆ, ಕಡತ ಹಂಚಿಕೆಗೆ ಬೇಕಾದ ಗೇಟನ್ನು ಆ ಖಾಸಗಿ ಬೀದಿಗೆ ಮಾತ್ರ ತೆರೆದೆವು. ಕೂಡಲೆ ಉತ್ತರ ಬಂದಿತು.

ನಾಲ್ಕನೆಯದು ಉಪಭಾಷೆಯ ಸ್ತರ. ಇಲ್ಲಿ ಕೆಲಸ ನಿಂತಿತು. ಮೇಲೆ ವಿವರಿಸಿದಂತೆ ಅತಿಥಿಗೆ ೨೦೦೧ರ ಮಾತು ಮಾತ್ರ ಗೊತ್ತು. ಆತಿಥೇಯನು ಅದನ್ನು ೨೦೧೭ರ ನಿಯಮಕ್ಕನುಸಾರವಾಗಿ ಬಿಟ್ಟಿದ್ದಾನೆ. ಇದನ್ನು ದಾಟಿದ್ದರೂ ಐದನೆಯದಾದ ಗುರುತಿನ ಸ್ತರ ಕಾದಿತ್ತು. ಹಳೆಯ ಯಂತ್ರದ ಸರಳ ಹಂಚಿಕೆಯಲ್ಲಿ ಬಂದವರನ್ನೆಲ್ಲ ‘ಅತಿಥಿ’ಯೆಂದೇ ಎಣಿಸುವುದು ವಾಡಿಕೆ, ಗುರುತು ಹೇಳದೆ ಅತಿಥಿಯಾಗಿ ಹೋಗುವುದನ್ನು ಹೊಸ ವ್ಯವಸ್ಥೆಗಳು ಒಂದೊಂದಾಗಿ ನಿರಾಕರಿಸುತ್ತಿವೆ. ಆರನೆಯದು ಅಧಿಕಾರದ ಸ್ತರ: ಹಂಚಿಕೆಗೆ ಕೊಟ್ಟ ಅನುಮತಿ, ಕಡತಕ್ಕೆ ಕೊಟ್ಟ ಅನುಮತಿ ಇವೆರಡರಲ್ಲಿ ಹೆಚ್ಚು ಬಿಗಿಯಾದುದೇ ನಡೆಯುತ್ತದೆ.

೬

ನಾಲ್ಕನೆಯ ಸ್ತರದಲ್ಲಿ ಮುಂದಿನ ದಾರಿಯ ಬಗ್ಗೆ ಆ ಮನೆಯಲ್ಲಿ ಅಭಿಪ್ರಾಯಭೇದ ಉಂಟಾಯಿತು. ಹೊಸ ಗಣಕದಲ್ಲಿ ಹಳೆಯ ಎಸ್‌ಎಂಬಿಯನ್ನು ಮರಳಿ ಸ್ಥಾಪಿಸಿದರೆ ಕ್ಷಣದಲ್ಲಿ ಕೆಲಸವಾಗುವುದೆಂದು ಒಂದು ಪಕ್ಷ. ಈ ಪಕ್ಷ ನಿರಾಧಾರವಾದುದೆಂದು ನಾವು ಹೇಳಲಾರೆವು. ವಾನಾಕ್ರೈ ನುಗ್ಗಿದುದು ಕಡತ ಕೊಡುವ ಭಾಗದ ಮೂಲಕ. ಕಡತ ಕೇಳುವ ಭಾಗವನ್ನು ಮಾತ್ರ ಪ್ರತ್ಯೇಕವಾಗಿ ಸೇರಿಸಲು ಸಾಧ್ಯವಿದೆ. ಖಾಸಗಿ ಜಾಲದಲ್ಲಿ, ಕೇಳುವ ಭಾಗವನ್ನು ಮಾತ್ರ, ಕೆಲಸ ಮುಗಿಯುವವರೆಗೆ ಇಟ್ಟುಕೊಂಡು ತೆಗೆದುಹಾಕಿದರೆ ಅಪಾಯ ಅಲ್ಪ. ಆದರೆ ಕೆಲಸ ಮುಗಿದ ಮೇಲೆ ತೆಗೆದುಹಾಕಲು ಮರೆಯುವುದು ಮನುಷ್ಯಸ್ವಭಾವ. ಅಲ್ಲದೆ ಅಧ್ಯಾಪಕರ ಏಕಮಾತ್ರ ಪ್ರತಿಯನ್ನು ಉಳಿಸಹೊರಟವರು, ಆ ಪ್ರತಿ ಬಂದು ಸೇರುವ ಮನೆಯ ಬಾಗಿಲನ್ನೇ ಸಡಿಲಗೊಳಿಸುವುದು ವಿವೇಕವೆನಿಸದು.

ಆಗ ನಮಗೆ ಒದಗಿಬಂದುದು ವಿಎಂ/೩೭೦ರ ಎರಡನೆಯ ಮಾರ್ಗ. ವರ್ಚುಯಲ್ ಯಂತ್ರದ ಡಿಸ್ಕು ಹೊರಗಿನಿಂದ ನೋಡಿದರೆ ಆತಿಥೇಯ ಗಣಕದ ಒಂದು ದೊಡ್ಡ ಕಡತವಲ್ಲದೆ ಬೇರೇನೂ ಅಲ್ಲ. ಅತಿಥಿಯಂತ್ರವನ್ನು ಕ್ರಮವಾಗಿ ನಿಲ್ಲಿಸಿ, ಆ ದೊಡ್ಡ ಕಡತದ ಒಂದು ನಕಲನ್ನು ತೆಗೆದಿಟ್ಟು, ಅನಂತರ ಅದನ್ನು ಓದುವುದಕ್ಕೆ ಮಾತ್ರ ಆತಿಥೇಯ ಗಣಕಕ್ಕೆ ಜೋಡಿಸಿದೆವು. ಯಂತ್ರ ನಡೆಯುತ್ತಿರುವಾಗ ಹೀಗೆ ಜೋಡಿಸಿದರೆ ಡಿಸ್ಕಿನ ವ್ಯವಸ್ಥೆ ಕೆಡುವ ಸಂಭವವುಂಟು. ಈ ಎಚ್ಚರಿಕೆಯನ್ನು ಮರೆಯಬಾರದು. ಜಾಲವೇ ಬೇಕಾಗಲಿಲ್ಲ. ಟಿಪ್ಪಣಿಗಳೆಲ್ಲವೂ ಹೊರಕ್ಕೆ ಬಂದುವು.

ಆದರೂ ಅಧ್ಯಾಪಕರ ಮುಖ ಅರಳಲಿಲ್ಲ. ತೆರೆದು ನೋಡಿದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಇದು ಏಳನೆಯ ಸ್ತರ, ಲಿಪಿಯದು. ೧೯೯೧ರಿಂದಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವಿದ್ದರೂ, ಅಂದಿನ ಬಳಕೆಯಲ್ಲಿದ್ದ ಫಾಂಟುಗಳು ಅಕ್ಷರದ ಧ್ವನಿಯನ್ನಲ್ಲದೆ ಅದರ ಆಕಾರದ ತುಂಡುಗಳನ್ನು ಸಂಕೇತಿಸುತ್ತಿದ್ದುವು. ಪರಿವರ್ತಕ ತಂತ್ರಾಂಶಗಳಿಂದ ಇದು ಸರಿಹೋಗುತ್ತದೆ. ಆದರೆ ಅರ್ಕಾವತ್ತಿನಲ್ಲಿ ಎಚ್ಚರ ಬೇಕು. ಹಳೆಯ ಕ್ರಮದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ಅನಂತರ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ರಕಾರವು ಮೊದಲು ಬರಬೇಕು. ಸ್ಥಾನವನ್ನು ಬದಲಿಸದ ಪರಿವರ್ತಕದಲ್ಲಿ ‘ಧರ್ಮ’ವು ‘ಧಮರ್’ ಆಗುತ್ತದೆ. ಸಾಮಾನ್ಯ ಗದ್ಯದಲ್ಲಿ ಓದುಗನು ಇದನ್ನು ತಾನೇ ತಿದ್ದಿಕೊಂಡಾನು. ಆದರೆ ಸ್ಥಳನಾಮಗಳ ಪಟ್ಟಿಯಲ್ಲಿ, ಊರನ್ನೇ ಕಾಣದವನಿಗೆ, ತಪ್ಪು ಯಾವುದು ಸರಿ ಯಾವುದು ಎಂಬುದು ತಿಳಿಯುವ ಬಗೆಯೆಲ್ಲಿ? ಅಧ್ಯಾಪಕರು ಜೀವಂತರಾಗಿದ್ದುದು ಇಲ್ಲಿ ನಮ್ಮ ಭಾಗ್ಯ. ಅರ್ಕಾವತ್ತುಳ್ಳ ಹೆಸರುಗಳನ್ನೆಲ್ಲ ಅವರೇ ಕುಳಿತು ಒಂದೊಂದಾಗಿ ಓದಿ ತಿದ್ದಿದರು.

೭

ಇದರಿಂದ ಫಲಿಸುವ ನಿರ್ಣಯಗಳು ಮೂರು. ಮೊದಲನೆಯದು: ವರ್ಚುಯಲ್ ಯಂತ್ರವು ಹಳೆಯ ಕಾಲವನ್ನು ಹಾಗೆಯೇ ಹಿಡಿದಿಡುವ ಸಾಧನವಾದುದರಿಂದ, ಅದಕ್ಕೂ ಹೊಸ ಗಣಕಕ್ಕೂ ನಡುವಣ ದೋಷವು ಬಹುಮಟ್ಟಿಗೆ ಎರಡು ಕಾಲಗಳ ನಡುವಣ ದೋಷವೇ. ಎರಡನೆಯದು: ವಿಳಾಸ, ಹೆಸರು, ಬೇಲಿ, ಉಪಭಾಷೆ, ಗುರುತು, ಅಧಿಕಾರ, ಲಿಪಿ ಎಂಬ ಕ್ರಮದಲ್ಲಿ, ಒಂದನ್ನು ನಿರ್ಣಯಿಸಿದ ಮೇಲೆಯೇ ಇನ್ನೊಂದಕ್ಕೆ ಹೋಗಬೇಕು, ಎಲ್ಲವನ್ನೂ ಒಮ್ಮೆಗೇ ಬದಲಿಸಿದವನಿಗೆ ಕಾರಣ ತಿಳಿಯದು, ರಕ್ಷಣೆಯೂ ಉಳಿಯದು. ಮೂರನೆಯದು: ಕಡತವು ಸ್ಥಳಾಂತರವಾದಮಾತ್ರಕ್ಕೆ ಉಳಿದಂತಾಗಲಿಲ್ಲ, ಅದನ್ನು ಓದಬಲ್ಲವರು ಓದಿ ಒಪ್ಪಿದಾಗ ಮಾತ್ರ ಉಳಿದಂತಾಯಿತು.

ನಮ್ಮ ಕಾಲೇಜುಗಳ ಕನ್ನಡ, ಚರಿತ್ರೆ ವಿಭಾಗಗಳ ಮೂಲೆಗಳಲ್ಲಿ ಇಂತಹ ಹಳೆಯ ಗಣಕಗಳು ಇನ್ನೂ ಕುಳಿತಿರಬಹುದು. ಅವುಗಳಲ್ಲಿ ಕ್ಷೇತ್ರಕಾರ್ಯದ ಟಿಪ್ಪಣಿಗಳು, ಅಚ್ಚಾಗದ ಪ್ರಬಂಧಗಳು, ಶಾಸನಗಳ ಪಾಠಗಳು ಇದ್ದಾವು. ಬಳಪದ ಕಡತವನ್ನು ನೂರು ವರ್ಷದ ಮೇಲೂ ಬಿಡಿಸಿ ಓದಬಹುದು. ಈ ಕಡತಗಳಿಗೆ ಅಷ್ಟು ಆಯುಸ್ಸಿಲ್ಲ. ಅವುಗಳ ಡಿಸ್ಕಿನ ಪ್ರತಿಕೃತಿಯನ್ನು ಈಗಲೇ ತೆಗೆದಿಡುವುದೂ, ಬರೆದವರು ನಮ್ಮೊಡನಿರುವಾಗಲೇ ಅವರಿಂದ ಓದಿಸಿ ತಿದ್ದಿಸಿಕೊಳ್ಳುವುದೂ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಶ್ರೀಗಂಧದ ಕಾವಲಿನ ಆ ಮನೆಯಲ್ಲಿ ತಿದ್ದುವ ಕೆಲಸ ಇನ್ನೂ ಮುಗಿದಿಲ್ಲ.